ಮಸ್ಕಿಯ ಬಂಡೆ, ಹಾಸ್ಟೆಲಿನ ಕೋಣೆ: ನಮ್ಮ ಸೀಮೆಯ ವಿದ್ಯಾರ್ಥಿ ನಾಯಕತ್ವದ ಕಥೆ



ಕ್ರಿಸ್ತರಾಜರ ಹಬ್ಬ ಬಂದಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರ ಮಾತು ಬರುತ್ತದೆ. ಜಗದ್ಗುರು ಹನ್ನೊಂದನೆಯ ಪಿಯೂಸರು ಈ ಹಬ್ಬವನ್ನು ಸ್ಥಾಪಿಸಿದ್ದು 1925ರಲ್ಲಿ. 2021ರಿಂದ ಇದೇ ಭಾನುವಾರ ಧರ್ಮಪ್ರಾಂತ್ಯಗಳಲ್ಲಿ ಯುವಜನ ದಿನವನ್ನೂ ಆಚರಿಸಲಾಗುತ್ತಿದೆ. ಅಂದಿನ ಪ್ರಬೋಧನೆಯಲ್ಲಿ 'ನೀವೇ ನಾಳಿನ ನಾಯಕರು' ಎಂಬ ಮಾತು ತಪ್ಪದೆ ಇರುತ್ತದೆ. ನಾವೂ ಅದನ್ನು ಎಷ್ಟೋ ಸಲ ಹೇಳಿದ್ದೇವೆ, ಕೈಚಪ್ಪಾಳೆಯನ್ನೂ ಪಡೆದಿದ್ದೇವೆ. ಒಮ್ಮೆ ಸಿಂಧನೂರಿನಲ್ಲಿ ಪದವಿ ಓದುತ್ತಿದ್ದ ಹುಡುಗಿಯೊಬ್ಬಳು ಪೂಜೆ ಮುಗಿದ ಮೇಲೆ ನಮ್ಮ ಬಳಿ ಬಂದು, "ನಾಳೆ ಅಂದ್ರ ಯಾವಾಗ್ರೀ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಅವಳು ಆಗ ಕೊನೆಯ ವರ್ಷದಲ್ಲಿದ್ದಳು. ಮೂರು ವರ್ಷ ಕಾಲೇಜಿನಲ್ಲಿದ್ದೂ ಯಾವುದೇ ಒಂದು ಸಣ್ಣ ವಿಷಯವನ್ನೂ ತಾವಾಗಿ ನಿರ್ಧರಿಸುವ ಅವಕಾಶ ತನಗಾಗಲಿ ತನ್ನ ಗೆಳತಿಯರಿಗಾಗಲಿ ಸಿಕ್ಕಿರಲಿಲ್ಲ ಎಂದಳು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಹಿಂದಕ್ಕೆ ಹೋಗಿ ನೋಡಿದೆವು. ನಮ್ಮ ಈ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ, ಇದು ಸೇರಿದ್ದ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ, ವಿದ್ಯಾರ್ಥಿಗಳು ನಾಯಕರಾದದ್ದು ಯಾವಾಗ? ಅವರನ್ನು ಹಾಗೆ ಮಾಡಿದ್ದು ಏನು?

ಕಥೆಯನ್ನು ಮಸ್ಕಿಯ ಗುಡ್ಡದಿಂದ ಆರಂಭಿಸುವುದು ವಾಡಿಕೆ. ನಾವೂ ಅಲ್ಲಿಂದಲೇ ಹೊರಡುತ್ತೇವೆ, ಆದರೆ ಕಾರಣ ಬೇರೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರರ ಕಣ್ಣಿಗೆ ಇಲ್ಲಿನ ಬಂಡೆಯ ಮೇಲಿನ ಬರಹ ಬಿತ್ತು. ಅದು ಅಶೋಕನ ಶಾಸನವಾಗಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವರಿಗೆ ಪ್ರಿಯನಾದವನು' ಎಂಬ ಬಿರುದಷ್ಟೇ ಇತ್ತು. ಆ ಬಿರುದಿನ ದೊರೆ ಅಶೋಕನೇ ಎಂದು ಹೆಸರಿಟ್ಟು ಹೇಳಿದ್ದು ಮೊದಲು ಮಸ್ಕಿಯ ಕಲ್ಲು. ಶಾಲೆಯ ಪುಸ್ತಕ ಇಷ್ಟು ಹೇಳಿ ಮುಂದೆ ಹೋಗುತ್ತದೆ. ಶಾಸನದ ಒಳಗಿನ ಮಾತನ್ನು ಕೇಳುವವರು ಕಡಿಮೆ. ಧರ್ಮದ ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದು ಎಂದು ತಿಳಿಯಬೇಡಿ, ಕಿರಿಯನಾದರೂ ಮನಸ್ಸಿಟ್ಟರೆ ಅದನ್ನು ಪಡೆಯಬಲ್ಲ, ಈ ವಿಷಯವನ್ನು ಕಿರಿಯರಿಗೂ ಹಿರಿಯರಿಗೂ ತಿಳಿಸಿರಿ ಎಂಬುದು ಅದರ ತಾತ್ಪರ್ಯ. ಚಕ್ರವರ್ತಿಯೊಬ್ಬ ತನ್ನ ಹೆಸರು ಕೊರೆಸಿದ ಕಲ್ಲಿನ ಮೇಲೆಯೇ ಸಣ್ಣವರ ಸಾಮರ್ಥ್ಯದ ಮಾತನ್ನೂ ಕೊರೆಸಿದ್ದಾನೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ನಮಗೆ ಸಂತೋಷ ಕೊಡುವ ಇನ್ನೊಂದು ಸಂಗತಿಯುಂಟು: ಬ್ರಾಹ್ಮಿ ಲಿಪಿಯ ಮುಂದೆ ಪ್ರಾಧ್ಯಾಪಕರೂ, ಮುಂದಿನ ಬೆಂಚಿನವರೂ, ಹಿಂದಿನ ಬೆಂಚಿನವರೂ ಒಂದೇ ಸಮನಾದ ನಿರಕ್ಷರಿಗಳು!

ಅಲ್ಲಿಂದ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ದಾಟಿ ನಿಜಾಮರ ಕಾಲಕ್ಕೆ ಬರೋಣ. ಲಿಂಗಸುಗೂರು ಆಗ ದಂಡು ಇದ್ದ ಊರು, 1905ರವರೆಗೆ ಜಿಲ್ಲಾ ಕೇಂದ್ರವೂ ಹೌದು. ಆಮೇಲೆ ಅದು ರಾಯಚೂರು ಜಿಲ್ಲೆಯೊಳಗೆ ಸೇರಿಹೋಯಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ತೆಲುಗು, ಕಚೇರಿಯಲ್ಲಿ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಹಸ, ಅದನ್ನು ಒಪ್ಪಬೇಕು. ಆದರೆ ನಮ್ಮ ಹಳ್ಳಿಯ ಹುಡುಗನಿಗೆ ಅದು ತನ್ನ ಭಾಷೆಯಾಗಿರಲಿಲ್ಲ. ಅವನು ಮೆಟ್ರಿಕ್ ದಾಟಿ ಓದಬೇಕೆಂದರೆ ಸಾಮಾನ್ಯವಾಗಿ ಗುಲ್ಬರ್ಗದ ಇಂಟರ್‌ಮೀಡಿಯೆಟ್ ಕಾಲೇಜಿಗೋ ಹೈದರಾಬಾದಿಗೋ ಹೋಗಬೇಕಿತ್ತು. ಇದರ ಮೇಲೆ 'ಗಸ್ತಿ 53' ಎಂಬ ಸುತ್ತೋಲೆ ಬೇರೆ: ಅಪ್ಪಣೆಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿಲ್ಲ. ಭಾಷಣ ಕಲೆ ಕಲಿಯಲು ವೇದಿಕೆಯೇ ಇಲ್ಲದ ನಾಡು ಅದು.

ಇಂಥ ಕಾಲದಲ್ಲಿ, 1920ರ ಆಸುಪಾಸಿನಲ್ಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಒಂದು ಶಾಲೆ ತೆರೆದರು. ಮಂಗಳೂರು ಕಡೆಯವರು, ಹೈದರಾಬಾದಿನಲ್ಲಿ ವೈದ್ಯ ಓದಿದವರು, ಮುಂದೆ ನಾಟಕಕಾರರಾಗಿ, ವೈದ್ಯರಾಗಿ ಹೆಸರಾದವರು. ಸರೋದ್ ವಾದಕ ರಾಜೀವ ತಾರಾನಾಥರ ತಂದೆ ಎಂದರೆ ಈಗಿನವರಿಗೆ ಬೇಗ ಗುರುತು ಸಿಗಬಹುದು. ಶಾಲೆಗೆ ಅವರಿಟ್ಟ ಹೆಸರು 'ಹಮ್‌ದರ್ದ್'. ಹೆಸರು ಉರ್ದು, ಅರ್ಥ ಇನ್ನೊಬ್ಬರ ನೋವಿನಲ್ಲಿ ಪಾಲುಗಾರ. ಹಿಂದೂ ಮುಸ್ಲಿಂ ಮಕ್ಕಳು ಒಟ್ಟಿಗೆ ಕೂತು ಓದಬೇಕು, ಒಬ್ಬರ ನೋವು ಇನ್ನೊಬ್ಬರಿಗೆ ತಿಳಿಯಬೇಕು ಎಂಬುದು ಅವರ ಆಸೆ. ನಾಯಕತ್ವ ಎಂಬ ಪದವನ್ನು ಬಳಸದೆಯೇ ಅವರು ಅದಕ್ಕೆ ಬೇಕಾದ ಮೊದಲ ಪಾಠವನ್ನು ಶಾಲೆಯ ಬಾಗಿಲ ಮೇಲೆಯೇ ಬರೆಸಿದರು ಎಂದು ನಮಗನ್ನಿಸುತ್ತದೆ. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ತಾರಾನಾಥರು ಸಂಸ್ಥಾನದ ಗಡಿಯಾಚೆ, ಅಂದು ಮದ್ರಾಸ್ ಪ್ರಾಂತ್ಯದಲ್ಲಿದ್ದ ತುಂಗಭದ್ರಾಕ್ಕೆ ಹೋಗಿ ಪ್ರೇಮಾಶ್ರಮ ಕಟ್ಟಿಕೊಂಡರು. ಶಾಲೆ ಉಳಿಯಿತು, ಬೆಳೆಯಿತು. ಅವರ ಹೆಸರಿನ ಶಿಕ್ಷಣ ಸಂಸ್ಥೆ ರಾಯಚೂರಿನಲ್ಲಿ ಇಂದೂ ಇದೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ಸೇರಿತು. ಸಭೆ ಸೇರಲು ಅಪ್ಪಣೆ ಕೇಳಬೇಕಾದ ನಾಡಿನಲ್ಲಿ ಕನ್ನಡದ ಅಷ್ಟು ದೊಡ್ಡ ಸಭೆ ಹುಡುಗರಿಗೆ ಏನನ್ನು ಕಲಿಸಿರಬಹುದೆಂದು ಊಹಿಸಬಹುದು.

ನಮ್ಮ ಕಥೆಯ ನಡುಮನೆ 1938. ಆ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಕಟ್ಟಲು ಹೊರಟರು. ಅದು ಕಣ್ಣು ಬಿಡುವ ಮೊದಲೇ ಸರ್ಕಾರ ನಿಷೇಧಿಸಿತು. ಅಕ್ಟೋಬರ್ 24ರಿಂದ ಸತ್ಯಾಗ್ರಹ ನಡೆಯಿತು. ಅದೇ ಬಿಸಿಯಲ್ಲಿ, ನವೆಂಬರ್ ಕೊನೆಯಲ್ಲಿ, ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ಒಂದು ಜಗಳ ಹುಟ್ಟಿತು. ಹಾಸ್ಟೆಲಿನ ಪ್ರಾರ್ಥನಾ ಕೋಣೆಯಲ್ಲಿ ಕೆಲವು ವಿದ್ಯಾರ್ಥಿಗಳು 'ವಂದೇ ಮಾತರಂ' ಹಾಡುತ್ತಿದ್ದರು. ಇದು ಪ್ರಾರ್ಥನೆಯಲ್ಲ, ರಾಜಕೀಯ ಎಂದು ಆಡಳಿತ ತಡೆಯಿತು. ಹುಡುಗರು ಒಪ್ಪಲಿಲ್ಲ. ತರಗತಿ ಬಿಟ್ಟರು, ಊಟ ಬಿಟ್ಟರು. ಔರಂಗಾಬಾದಿನಲ್ಲೂ ನಮ್ಮ ಗುಲ್ಬರ್ಗದಲ್ಲೂ ಕಾಲೇಜಿನ ಹುಡುಗರು ಅದನ್ನೇ ಮಾಡಿದರು. ಆಡಳಿತ ಅವರನ್ನು ಹೊರಹಾಕಿತು. ಉಸ್ಮಾನಿಯಾ ಒಂದರಿಂದಲೇ ಹೊರಬಿದ್ದವರು 300ಕ್ಕೂ ಹೆಚ್ಚು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಚರಿತ್ರೆ ಹೇಳುವಾಗ 'ಹೊರಹಾಕಿದರು' ಎಂದು ಒಂದು ಶಬ್ದದಲ್ಲಿ ಮುಗಿಸುತ್ತೇವೆ. ಹಳ್ಳಿಯಲ್ಲಿ ಹೊಲ ಅಡವಿಟ್ಟು ಮಗನನ್ನು ಹೈದರಾಬಾದಿಗೆ ಕಳಿಸಿದ ತಂದೆಯ ಮನೆಗೆ ಆ ಸುದ್ದಿ ಹೇಗೆ ಮುಟ್ಟಿರಬೇಕು! ಮಗ ಕ್ಷಮಾಪಣೆ ಬರೆದುಕೊಟ್ಟು ಮತ್ತೆ ಸೇರಿಕೊಳ್ಳಲಿ ಎಂದು ಯಾವ ತಾಯಿ ಬೇಡಿರಲಿಕ್ಕಿಲ್ಲ? ಹೊರಬಂದವರಿಗೆ ಬೇರೆಲ್ಲೂ ಸುಲಭವಾಗಿ ಸೀಟು ಸಿಗಲಿಲ್ಲ. ಕೊನೆಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾಲಯ. ಅಲ್ಲಿನ ಕುಲಪತಿಗಳಾಗಿದ್ದ ಟಿ. ಜೆ. ಕೇದಾರ್ ಅವರು ಈ ಹುಡುಗರನ್ನು ಸೇರಿಸಿಕೊಂಡರು. ಹಾಗೆ ಸಂಸ್ಥಾನ ಬಿಟ್ಟು ಹೋಗಿ ಓದು ಮುಂದುವರಿಸಿದವರಲ್ಲಿ ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರೂ ಒಬ್ಬರು. ಎಲ್ಲರೂ ಪ್ರಧಾನಿಗಳಾಗಲಿಲ್ಲ. ಪರ ಊರಿನಲ್ಲಿ ಇರಲು ಜಾಗ ಹುಡುಕಿ, ಇದ್ದ ಹಣದಲ್ಲಿ ಹೊಟ್ಟೆ ತುಂಬಿಸಿಕೊಂಡು, ನಡುದಾರಿಯಲ್ಲಿ ನಿಂತ ಓದನ್ನು ಮುಗಿಸಿದ ನೂರಾರು ಹುಡುಗರ ಹೆಸರು ಯಾವ ಪುಸ್ತಕದಲ್ಲೂ ಬರಲಿಲ್ಲ. ನಮಗೆ ಅವರ ಮೇಲೆ ಹೆಚ್ಚು ಗೌರವ. ಭಾಷಣ ಮಾಡಿ ಊಟ ಬಿಡುವುದಕ್ಕಿಂತ ನಲವತ್ತು ಜನಕ್ಕೆ ದಿನವೂ ಊಟ ಹೊಂದಿಸುವುದು ಕಷ್ಟದ ಕೆಲಸ ಎಂದು ಹಾಸ್ಟೆಲ್ ನಡೆಸಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೇದಾರ್ ಅವರ ಬಗ್ಗೆಯೂ ಒಂದು ಮಾತು. ವಿದ್ಯಾರ್ಥಿ ನಾಯಕತ್ವದ ಕಥೆಗಳಲ್ಲಿ ವಿದ್ಯಾರ್ಥಿಗಳಷ್ಟೇ ಕಾಣುತ್ತಾರೆ. ಆದರೆ ಆ ಹೊತ್ತಿಗೆ ಹಿರಿಯನೊಬ್ಬ ಅರ್ಜಿಯ ಮೇಲೆ ಸಹಿ ಹಾಕದಿದ್ದರೆ ಆ ಧೈರ್ಯವೆಲ್ಲ ಹಾಳು ಬದುಕಾಗಿ ಮುಗಿಯುತ್ತಿತ್ತು. ಇಂದಿನ ಪ್ರಾಂಶುಪಾಲರೂ ವಾರ್ಡನ್ನರೂ ಈ ಒಂದು ಸಹಿಯನ್ನು ನೆನಪಿಡಬೇಕೆಂದು ನಮ್ಮ ವಿನಂತಿ.

ಹಾಸ್ಟೆಲ್ ಕೋಣೆ ಎಂದಾಗ ನಮಗೆ ಇನ್ನೊಂದು ಕೋಣೆ ನೆನಪಾಗುತ್ತದೆ. ಪ್ಯಾರಿಸ್ ವಿಶ್ವವಿದ್ಯಾಲಯದ ಸಂತ ಬಾರ್ಬರಾ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದ ಇಬ್ಬರು ಹುಡುಗರು, ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಝೇವಿಯರ್. ಇಬ್ಬರೂ 1506ರಲ್ಲಿ ಹುಟ್ಟಿದವರು. 1529ರಲ್ಲಿ ಆ ಕೋಣೆಗೆ ಮೂರನೆಯವರಾಗಿ ಬಂದವರು ಸುಮಾರು 38 ವರ್ಷದ ಲೊಯೋಲಾದ ಇಗ್ನೇಷಿಯಸ್. ವಯಸ್ಸಿನಲ್ಲಿ ಅಣ್ಣನಿಗಿಂತ ಹಿರಿಯ, ಪಾಠದಲ್ಲಿ ಹಿಂದೆ. ಹುಡುಗ ಫೇಬರ್ ಅವರಿಗೆ ಅರಿಸ್ಟಾಟಲನ ಪಾಠ ಹೇಳಿಕೊಟ್ಟರು. ಅವರು ಫೇಬರರಿಗೆ ಆತ್ಮದ ಪಾಠ ಹೇಳಿಕೊಟ್ಟರು. ಝೇವಿಯರ್ ಬಹಳ ದಿನ ಬಗ್ಗಲಿಲ್ಲ. 1534ರ ಆಗಸ್ಟ್ 15ರಂದು ಏಳು ಮಂದಿ ಸಂಗಾತಿಗಳು ಮೊಂಮಾರ್ತ್ರ್ ಗುಡ್ಡದ ಮೇಲೆ ಪ್ರತಿಜ್ಞೆ ಮಾಡಿದರು. ಯೇಸುಸಭೆ ಮೊಳೆತದ್ದು ಹಾಗೆ. ಮುಂದೆ ಇಂಡಿಯಾದಿಂದ 1544ರಲ್ಲಿ ಬರೆದ ಪತ್ರದಲ್ಲಿ ಝೇವಿಯರ್, ಪ್ಯಾರಿಸಿನ ವಿದ್ಯಾರ್ಥಿಗಳ ನಡುವೆ ಹುಚ್ಚನಂತೆ ಕೂಗುತ್ತಾ ಓಡಾಡಬೇಕು, ನಿಮ್ಮ ಓದನ್ನು ಯಾರಿಗಾಗಿ ಬಳಸುತ್ತೀರಿ ಎಂದು ಕೇಳಬೇಕು ಅನ್ನಿಸುತ್ತದೆ ಎಂಬ ಅರ್ಥದ ಮಾತು ಬರೆದರು. ಅದೇ ಶತಮಾನದಲ್ಲಿ, ಬಿಜಾಪುರದ ಆದಿಲಶಾಹಿಗಳ ಆಳ್ವಿಕೆಯಲ್ಲಿ, ನಮ್ಮ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಕಥೋಲಿಕ ಸಮುದಾಯ ನೆಲೆಗೊಂಡಿತು. ಪ್ಯಾರಿಸಿನ ಹಾಸ್ಟೆಲ್ ಕೋಣೆಗೂ ಮುದಗಲ್ಲಿಗೂ ಇರುವ ದಾರಿ ನಾವಂದುಕೊಂಡಷ್ಟು ದೂರವಲ್ಲ.

ಮತ್ತೆ 1938ಕ್ಕೆ ಬರೋಣ, ಏಕೆಂದರೆ ಅಲ್ಲಿ ಹೇಳದೆ ಉಳಿದ ಮಾತೊಂದಿದೆ. ಆ ಹಾಡು ಒಂದು ಕೋಣೆಯ ಹುಡುಗರನ್ನು ಒಟ್ಟುಗೂಡಿಸಿತು, ನಿಜ. ಪಕ್ಕದ ಹಾಸ್ಟೆಲಿನ ಮುಸ್ಲಿಂ ಸಹಪಾಠಿಗಳನ್ನು ಅದು ಒಳಗೆ ಕರೆಯಲಿಲ್ಲ. ಅದೇ ವರ್ಷ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹದ ಜೊತೆಜೊತೆಗೆ ಧಾರ್ಮಿಕ ಸಂಘಟನೆಗಳ ಸತ್ಯಾಗ್ರಹವೂ ನಡೆದು, ಯಾವುದು ಯಾವುದೆಂದು ಜನರಿಗೆ ತಿಳಿಯದಾಯಿತು. ಕಾಂಗ್ರೆಸ್ ತನ್ನ ಸತ್ಯಾಗ್ರಹವನ್ನು ಡಿಸೆಂಬರಿನಲ್ಲಿ ನಿಲ್ಲಿಸಲು ಗಾಂಧೀಜಿಯವರು ಸಲಹೆ ಕೊಟ್ಟದ್ದಕ್ಕೆ ಇದೂ ಒಂದು ಕಾರಣ. ಹಮ್‌ದರ್ದ್ ಎಂಬ ಹೆಸರಿಟ್ಟು ತಾರಾನಾಥರು ಹಾಕಿದ ಬುನಾದಿಯ ಮೇಲೆ ಮನೆ ಏಳಲಿಲ್ಲ. ಹುಡುಗರನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ನಿಷೇಧಿಸಿದವರು ಅವರಲ್ಲ. ಆದರೂ ನಮ್ಮ ಕೋಣೆಯಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಯಾರು ಬಂದಿಲ್ಲ ಎಂಬ ಪ್ರಶ್ನೆಯನ್ನು ನಾಯಕನು ಮೊದಲು ಕೇಳಿಕೊಳ್ಳಬೇಕಲ್ಲವೇ?

ಆ ಪ್ರಶ್ನೆ ಕೇಳದೆ ಹೋದುದರ ಬೆಲೆ ಹತ್ತು ವರ್ಷದಲ್ಲಿ ತಿಳಿಯಿತು. 1947ರಲ್ಲಿ ಸ್ವಾಮಿ ರಮಾನಂದ ತೀರ್ಥರು ಭಾರತಕ್ಕೆ ಸೇರುವ ಚಳವಳಿಗೆ ಕರೆ ಕೊಟ್ಟರು. 1903ರಲ್ಲಿ ಕನ್ನಡ ನೆಲದಲ್ಲೇ ಹುಟ್ಟಿದ ಇವರು ವೃತ್ತಿಯಿಂದ ಶಾಲಾ ಮೇಷ್ಟ್ರು. ಹಿಪ್ಪರಗಾ, ಅಂಬೇಜೋಗಾಯಿಯ ಶಾಲೆಗಳಲ್ಲಿ ಪಾಠ ಹೇಳಿ ಬಂದವರು. ಅವರ ಕರೆಗೆ ವಿದ್ಯಾರ್ಥಿಗಳು ಓಗೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ತರಗತಿಗಳು ಖಾಲಿಯಾದವು. ಆಗಸ್ಟ್ 15ರಂದು, ಸಂಸ್ಥಾನಕ್ಕೆ ಸ್ವಾತಂತ್ರ್ಯ ಬಾರದಿದ್ದರೂ, ಎಂ. ನಾಗಪ್ಪ ಮೊದಲಾದ ತರುಣರು ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಯ ಮೇಲೆ ತ್ರಿವರ್ಣ ಧ್ವಜ ಹಾರಿಸಿದರು. ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ನಡೆಸಿದರು. ಊರು ಬಿಟ್ಟ, ಓದು ಬಿಟ್ಟ ಯುವಕರು ಇಂಥ ಶಿಬಿರಗಳಲ್ಲಿ ಸೇರಿದರು. ಒಳಗೆ ರಜಾಕಾರರ ಹಾವಳಿ, ಹಳ್ಳಿಗಳಲ್ಲಿ ಸುಲಿಗೆ, ಕೊಲೆ. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನ ಭಾರತಕ್ಕೆ ಸೇರಿತು. ಸೆಪ್ಟೆಂಬರ್ 17 ಇಂದಿಗೂ ನಮ್ಮ ಭಾಗದ ಹಬ್ಬ. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎಂದು ಕರೆಯುತ್ತೇವೆ.

ಆದರೆ 17ರ ಆಚೆಗೂ ದಿನಗಳಿದ್ದವು. ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಸೇಡಿನ ಹೆಸರಿನಲ್ಲಿ ನಡೆದ ಕೊಲೆಗಳನ್ನು ತಿಳಿಯಲು ಕೇಂದ್ರ ಸರ್ಕಾರ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತು. ಸತ್ತವರು 27,000ದಿಂದ 40,000 ಎಂದು ಆ ಸಮಿತಿ ಅಂದಾಜು ಮಾಡಿತು. ಹೆಚ್ಚಿನವರು ಮುಸ್ಲಿಮರು, ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡೂ ಸೇರಿದ್ದವು. ವರದಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕತ್ತಲೆಯಲ್ಲಿತ್ತು. ಕಾಲೇಜಿನ ವಿಮೋಚನಾ ದಿನದ ಭಾಷಣಗಳಲ್ಲಿ ರಜಾಕಾರರ ಕ್ರೌರ್ಯ ಬರುತ್ತದೆ, ಬರಬೇಕು. ಇದು ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಅರ್ಧ ಚರಿತ್ರೆ ಕೊಟ್ಟು ಪೂರ್ತಿ ನಾಯಕತ್ವ ಕೇಳುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರಿರಬಹುದು.

1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಎಡದಂಡೆ ನಾಲೆಯ ನೀರು ಸಿಂಧನೂರಿನ ಎರೆ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ಕುಟುಂಬಗಳನ್ನು ಸರ್ಕಾರ ಇಲ್ಲಿಯೇ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಇವತ್ತು ಸಿಂಧನೂರಿನ ಯಾವುದೇ ಕಾಲೇಜಿನ ಹಾಜರಿ ಪುಸ್ತಕ ತೆರೆದರೆ ಕನ್ನಡ, ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಮನೆಮಾತಿನ ಹೆಸರುಗಳು ಒಂದರ ಕೆಳಗೊಂದು ಸಿಗುತ್ತವೆ. ಇಷ್ಟು ಭಾಷೆಗಳು ಒಂದೇ ಪುಟದಲ್ಲಿರುವ ತರಗತಿ ದೊಡ್ಡ ನಗರಗಳಲ್ಲೂ ಎಲ್ಲೆಡೆ ಇರಲಿಕ್ಕಿಲ್ಲ. ಒಂದೇ ಪುಟದಲ್ಲಿದ್ದಾರೆ, ಒಂದೇ ಬೆಂಚಿನಲ್ಲಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ.

ನಾಲೆ ಇರುವ ಊರಿನವರಿಗೆ ಒಂದು ಹೋಲಿಕೆ ಬೇಗ ತಿಳಿಯುತ್ತದೆ. ನಾಲೆಯ ಮೇಲ್ಭಾಗದವರು ಎರಡು ಬೆಳೆ ತೆಗೆಯುತ್ತಾರೆ. ಕೊನೆಯ ಭಾಗದ ರೈತರು ಪ್ರತಿ ವರ್ಷ ನೀರಿಗಾಗಿ ರಸ್ತೆ ತಡೆ ನಡೆಸಬೇಕು. ನಮ್ಮ ಕಾಲೇಜುಗಳ ನಾಯಕತ್ವ ತರಬೇತಿಯೂ ಹಾಗೆಯೇ ಹರಿಯುತ್ತದೆ. ಮೊದಲೇ ಮಾತು ಬಲ್ಲವರು, ಪೇಟೆಯವರು, ಮುಂದಿನ ಬೆಂಚಿನವರು ಎಲ್ಲ ಶಿಬಿರಕ್ಕೂ ಹೋಗುತ್ತಾರೆ, ಎಲ್ಲ ಪ್ರಮಾಣಪತ್ರವನ್ನೂ ತರುತ್ತಾರೆ. ಕೂಲಿಗೆ ಬೆಂಗಳೂರಿಗೆ ಹೋದ ತಂದೆ ತಾಯಿಯ ಮಗಳು ಹಾಸ್ಟೆಲಿನ ಮೂಲೆಯಲ್ಲಿದ್ದು ಮೂರು ವರ್ಷ ಕಳೆದು ಹೋಗುತ್ತಾಳೆ. 371(ಜೆ) ವಿಧಿ ಬಂದಿದೆ; ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಮ್ಮವರಿಗೆ 70 ಶೇಕಡ ಸೀಟು ಮೀಸಲಾಗಿದೆ. ಗುಲ್ಬರ್ಗ ವಿಶ್ವವಿದ್ಯಾಲಯ 1980ರಲ್ಲಿ ಬಂತು, ಈಗ ರಾಯಚೂರಿಗೂ ತನ್ನದೇ ವಿಶ್ವವಿದ್ಯಾಲಯವಿದೆ. ಸೀಟು ಸಿಕ್ಕಿತು. ಮಾತು ಸಿಗಬೇಕಾಗಿದೆ.

ಕೊನೆಯ ಬೆಂಚಿನವರೆಗೆ ನೀರು ಹರಿಸಿದ ಪ್ರಯತ್ನಗಳೂ ಇವೆ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಎನ್ನೆಸ್ಸೆಸ್ ಶಿಬಿರವನ್ನು ನೋಡಿ ನಗುವವರಿದ್ದಾರೆ: ಬೆಳಗ್ಗೆ ನಾಲ್ಕು ಬುಟ್ಟಿ ಮಣ್ಣು, ಮಧ್ಯಾಹ್ನ ಭಾಷಣ, ರಾತ್ರಿ ಕುಣಿತ. ನಾವು ನಗುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಏಳು ರಾತ್ರಿ ಕಳೆದದ್ದು ಅದೊಂದೇ ಸಲ. ಅಡುಗೆಗೆ ಎಷ್ಟು ಅಕ್ಕಿ ಬೇಕು, ಯಾರ ಮನೆಯಿಂದ ಪಾತ್ರೆ ತರಬೇಕು, ಊರ ಗೌಡರನ್ನೂ ಕೇರಿಯ ಹಿರಿಯರನ್ನೂ ಒಂದೇ ಸಭೆಗೆ ಹೇಗೆ ಕರೆಯಬೇಕು ಎಂದು ಅವರು ಕಲಿತದ್ದು ಅಲ್ಲಿಯೇ.

ಧರ್ಮಸಭೆಯಲ್ಲಿಯೂ ಇದೇ ಬಗೆಯ ಒಂದು ದಾರಿ ತೆರೆದಿತ್ತು. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡಿನ್ ದುಡಿಯುವ ಮನೆತನದಲ್ಲಿ 1882ರಲ್ಲಿ ಹುಟ್ಟಿದವರು. ಗುರುಮಠದಿಂದ ರಜೆಗೆ ಮನೆಗೆ ಬಂದಾಗ, ಕಾರ್ಖಾನೆ ಸೇರಿದ್ದ ಹಳೆಯ ಸಹಪಾಠಿಗಳು ಅವರನ್ನು ಪರಕೀಯನಂತೆ ನೋಡಿದರಂತೆ. ಆ ನೋಟ ಅವರನ್ನು ಜೀವಮಾನವಿಡೀ ಬಿಡಲಿಲ್ಲ. ಯುವ ಕಾರ್ಮಿಕರ ಸಂಘಟನೆಯನ್ನು ಅವರು 1925ರಲ್ಲಿ ಕಟ್ಟಿದರು, ಅಂದರೆ ಕ್ರಿಸ್ತರಾಜರ ಹಬ್ಬ ಹುಟ್ಟಿದ ವರ್ಷವೇ. ಅವರ ವಿಧಾನ ಮೂರು ಮಾತಿನದು: ಕಣ್ಣಾರೆ ನೋಡು, ಶುಭಸಂದೇಶದ ಬೆಳಕಿನಲ್ಲಿ ತೂಗು, ಕೈಲಾದದ್ದನ್ನು ಮಾಡು. ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು 1961ರ ವಿಶ್ವಪತ್ರದಲ್ಲಿ ಈ ವಿಧಾನವನ್ನು ಒಪ್ಪಿ ಎತ್ತಿಹಿಡಿದರು. ನಮ್ಮ ದೇಶದಲ್ಲಿ ಕಾಲೇಜು ವಿದ್ಯಾರ್ಥಿಗಳ ಕಥೋಲಿಕ ಒಕ್ಕೂಟ, ಐಕಫ್, 1924ರಲ್ಲಿಯೇ ತಿರುಚಿರಾಪಳ್ಳಿಯಲ್ಲಿ ಆರಂಭವಾಗಿತ್ತು. ಕಾಲ ಕಳೆದಂತೆ ಅದೂ ಭಕ್ತಿಕೂಟದಿಂದ ಹೊರಟು ಬಡವರ ಬದುಕಿನತ್ತ ತಿರುಗಿತು. ಕಾರ್ಡಿನ್ನರ ಮೂರರಲ್ಲಿ ನಡುವಿನದು ಕಷ್ಟದ್ದು. ನೋಡಿದ ಕೂಡಲೇ ಮಾಡಲು ಹೊರಡುವುದು ಯೌವನದ ಸ್ವಭಾವ. 1948ರಲ್ಲಿ ನಮ್ಮ ನಾಡಿಗೆ ಕಡಿಮೆಯಾದದ್ದು ಈ ತೂಗುವಿಕೆಯೇ.

ಇನ್ನು ಚುನಾವಣೆ. ಜೆ. ಎಂ. ಲಿಂಗ್ಡೋ ಸಮಿತಿ 2006ರಲ್ಲಿ ವಿದ್ಯಾರ್ಥಿ ಚುನಾವಣೆಗೆ ನಿಯಮ ರೂಪಿಸಿತು: ಅಭ್ಯರ್ಥಿಗೆ ಕನಿಷ್ಠ 75 ಶೇಕಡ ಹಾಜರಿ, ಖರ್ಚು 5,000 ರೂಪಾಯಿ ಮೀರಬಾರದು, ಇತ್ಯಾದಿ. ಸುಪ್ರೀಂ ಕೋರ್ಟ್ ಅವುಗಳನ್ನು ಜಾರಿಗೊಳಿಸಲು ಹೇಳಿತು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಮಾತ್ರ ದಶಕಗಳಿಂದ ನೇರ ಚುನಾವಣೆಯ ಸದ್ದಿಲ್ಲ. ಹೊಡೆದಾಟ, ಜಾತಿ, ಪಕ್ಷಗಳ ಹಣ ಇವೆಲ್ಲ ಕಾರಣಗಳು ಸುಳ್ಳಲ್ಲ. ಆದರೆ ಹೆಚ್ಚು ಅಂಕ ತೆಗೆದವರನ್ನು ಪ್ರತಿನಿಧಿಯೆಂದು ನೇಮಿಸುವುದು ಪರಿಹಾರವೆಂದು ನಮಗೆ ತೋರುವುದಿಲ್ಲ. ನೇಮಕವಾದವನು ನೇಮಿಸಿದವರ ಮುಖ ನೋಡುತ್ತಾನೆ. ವಿಮೋಚನಕಾಂಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ್ದು, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಹತ್ತು ಜನಕ್ಕೊಬ್ಬ, ಐವತ್ತಕ್ಕೊಬ್ಬ, ನೂರಕ್ಕೊಬ್ಬನನ್ನು ಹೊಣೆಗಾರನನ್ನಾಗಿ ಮಾಡು ಎಂದು. ಅವನು ಹತ್ತರಿಂದಲೂ ಎಣಿಸಿದ. ನಮ್ಮ ಕಾಲೇಜುಗಳು ಸಾವಿರದಿಂದ ಆರಂಭಿಸಿ ಅಲ್ಲೇ ನಿಲ್ಲುತ್ತವೆ.

ಹತ್ತು ಜನರ ಹೊಣೆ ಎಂದರೇನೆಂದು ನಮಗೆ ತಿಳಿದದ್ದು ಆರಂಭದಲ್ಲಿ ಹೇಳಿದ ಆ ಹುಡುಗಿಯಿಂದಲೇ. ಅವಳಿದ್ದ ಹಾಸ್ಟೆಲಿನ ಗೋಡೆಯ ಮೇಲೆ 'ಆಹಾರ ಸಮಿತಿ' ಎಂದು ಬಣ್ಣದಲ್ಲಿ ಬರೆದು ಐದು ಹೆಸರು ಹಾಕಿದ್ದರು. ಆ ಐವರೂ ಓದು ಮುಗಿಸಿ ಹೋಗಿ ಎರಡು ವರ್ಷವಾಗಿತ್ತು. ಸಾರು ನೀರಾಗುತ್ತಿತ್ತು, ದೂರು ಕೊಟ್ಟವರ ಹೆಸರು ಕೇಳುವವರಿದ್ದರು, ಸಾರು ನೋಡುವವರಿರಲಿಲ್ಲ. ಅವಳು ಘೋಷಣೆ ಕೂಗಲಿಲ್ಲ. ಇಬ್ಬರು ಕೋಣೆಯ ಗೆಳತಿಯರೊಂದಿಗೆ ಸಂಜೆ ಹೊತ್ತು ಅಡುಗೆಮನೆಗೆ ಹೋಗಿ, ಒಲೆಗೆ ಹೋಗುವ ಮೊದಲು ಬೇಳೆ ಎಷ್ಟು, ಅಕ್ಕಿ ಎಷ್ಟು, ಉಂಡವರು ಎಷ್ಟು ಎಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಡತೊಡಗಿದಳು. ಮೊದಲ ವಾರ ಬೈಗುಳ. ಎರಡನೆಯ ವಾರ ಅಡುಗೆಯವರೇ, "ನಮ್ಮ ಮ್ಯಾಲ ಬರ್ತದವ್ವಾ, ನೀನೇ ತೂಗಿ ಬರಕೋ" ಎಂದರು. ತಿಂಗಳು ಕಳೆದ ಮೇಲೆ ಮೇಲಿನವರು ಆ ನೋಟುಬುಕ್ಕನ್ನು ತಾವಾಗಿಯೇ ಕೇಳಿ ನೋಡಿದರು.

ನಮಗೆ ಹಿಡಿಸಿದ್ದು ಮುಂದಿನ ಸಂಗತಿ. ಬರೆಯುವ ಕೆಲಸವನ್ನು ಅವಳು ತನ್ನ ಕೈಯಲ್ಲೇ ಇಟ್ಟುಕೊಳ್ಳಲಿಲ್ಲ. ತಿಂಗಳಿಗೊಂದು ಕೋಣೆ ಎಂದು ಸರದಿ ಹಾಕಿದಳು. ಮೂರನೆಯ ಸರದಿ ಬಂದದ್ದು ಕ್ಯಾಂಪಿನಿಂದ ಬಂದ ಬಂಗಾಳಿ ಮನೆಮಾತಿನ ಹುಡುಗಿಗೆ. ಅವಳು ಕನ್ನಡ ಬರೆಯಲು ನಾಚಿ, ಬೇರೆ ಯಾರಿಗಾದರೂ ಕೊಡಿ ಎಂದಳಂತೆ. ಇವಳು ನೋಟುಬುಕ್ಕನ್ನು ಹಿಂದಕ್ಕೆ ಪಡೆಯಲಿಲ್ಲ, "ಅಂಕಿ ಬರೀ, ಅಕ್ಷರ ಆಮ್ಯಾಲ ಬರ್ತಾವ" ಎಂದಳಂತೆ. ಆ ಪುಸ್ತಕವನ್ನು ನಾವು ನೋಡಿದ್ದೇವೆ. ಆ ತಿಂಗಳ ಮೊದಲ ಪುಟಗಳಲ್ಲಿ ಬರೀ ಅಂಕಿಗಳಿವೆ. ಹತ್ತನೆಯ ದಿನದ ಹೊತ್ತಿಗೆ 'ಬೇಳೆ' ಎಂಬ ಪದ ಬಂದಿದೆ, ಕಾಗುಣಿತ ತಪ್ಪಾಗಿ. ಇಪ್ಪತ್ತನೆಯ ದಿನ ಅದನ್ನು ಯಾರೋ ಹಸಿರು ಪೆನ್ನಿನಿಂದ ತಿದ್ದಿದ್ದಾರೆ. ಅದರ ಕೆಳಗೆ, ಅದೇ ಹುಡುಗಿಯ ಕೈಯಲ್ಲಿ, ದೊಡ್ಡದಾಗಿ ಒಂದು ಸಹಿ.